ಗಾಳಿ ಬಿಡುವ ಗೋಡೆ

ಗುರುವಾರ ಎಂಟು ಸೀಟಿನ ವಿಮಾನ
ಹುಲ್ಲಿನ ಮೇಲೆ ಇಳಿಯುತ್ತದೆ, ಕಡಲ ಮಂಜು ಒಪ್ಪಿದರೆ.
ನನ್ನ ತೊಡೆಯ ಮೇಲೆ ಔಷಧಿಯ ಐಸ್ ಡಬ್ಬಿ,
ಪಕ್ಕದ ಸೀಟಿನಲ್ಲಿ ಟಪಾಲು ಚೀಲ, ಒಂದು ಟ್ರೇ ಮೊಟ್ಟೆ.

ಆರ್ಕ್ನಿಯ ಈ ಕೊನೆಯ ದ್ವೀಪಕ್ಕೆ
ಸುತ್ತಲೂ ಕಲ್ಲುಗೋಡೆ. ಗಾರೆಯಿಲ್ಲ, ಗಚ್ಚಿಲ್ಲ.
ಕುರಿಗಳನ್ನು ಒಳಗಿಡಲಲ್ಲ,
ಹೊರಗೆ, ತೀರಕ್ಕೆ ದೂಡಲು ಕಟ್ಟಿದ್ದು.
ಕಡಲಪಾಚಿ ಮೇದು ಬದುಕುತ್ತವೆ ಅವು.
ಗೋಡೆಯ ಉತ್ತರದ ಪಾಲು ಇಂಗಾ ಡ್ರೆವರಳದು,
ಅಜ್ಜಿಯಿಂದ ಬಂದದ್ದು.

ಮೊದಲು ಕೆಂಪು ಹೋಯಿತು, ಅಂದಳು.
ಬಲಗಣ್ಣಿಗೆ ಟಪಾಲು ವ್ಯಾನು ಕೆಂಪು,
ಎಡಗಣ್ಣಿಗೆ ನೀರಲ್ಲಿ ತೊಳೆದ ಸಾಲ್ಮನ್ ತುಂಡು.
ಒಂದೊಂದೇ ಕಣ್ಣು ಮುಚ್ಚಿ ಎರಡು ವ್ಯಾನು ನೋಡಿದಳಂತೆ,
ನಕ್ಕಳಂತೆ ಕೂಡ.
ಆಮೇಲೊಂದು ದಿನ ಕಲ್ಲೆತ್ತಲು ತಲೆ ಬಗ್ಗಿಸಿದಾಗ
ಬೆನ್ನಹುರಿಗುಂಟ ಝುಂ ಎಂದು ಕರೆಂಟು
ಹೆಬ್ಬೆರಳ ತುದಿಯವರೆಗೆ.

ಅಬರ್ಡೀನಿನ ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆ ಹನ್ನೊಂದು.
ನರದ ಮೇಲಿನ ಕೊಬ್ಬಿನ ಸುತ್ತು
ಅಲ್ಲಲ್ಲಿ ಕಿತ್ತು ಹೋಗಿದೆ.
ಕಿತ್ತವರು ಹೊರಗಿನವರಲ್ಲ.

ಕೂತು ವಿವರಿಸುವುದು ನನ್ನ ಕೆಲಸ:
ಎದೆಮೂಳೆಯ ಹಿಂದೆ ಒಂದು ಶಾಲೆಯಿದೆ, ಇಂಗಾ.
ಟಿ ಕೋಶಗಳು ಕಲಿಯುವುದು ಅಲ್ಲಿ.
ತನ್ನವರನ್ನು ಕಂಡು ಹಲ್ಲು ಮಸೆದದ್ದು
ಅಲ್ಲೇ ಸಾಯಬೇಕು. ತೇರ್ಗಡೆ ನೂರಕ್ಕೆ ನಾಲ್ಕೈದು.
ಆದರೂ ನುಸುಳಿದವರು ಇದ್ದೇ ಇರುತ್ತಾರೆ,
ನನ್ನೊಳಗೆ, ಆ ಪೈಲಟ್‌ನೊಳಗೆ,
ಯಾವ ಕಾಯಿಲೆಯೂ ಇಲ್ಲದವರೊಳಗೆ.

ಹಾಗಾದರೆ ನಾನೇ ಯಾಕೆ, ಎಂದು ಕೇಳಲಿಲ್ಲ ಅವಳು.
ಕೇಳಿದ್ದು: ಅವರನ್ನು ಕಾಯುವವರು ಯಾರು?

ಇದ್ದಾರೆ. ಅವೂ ಟಿ ಕೋಶಗಳೇ, ಹೆಚ್ಚಿನವು ಅದೇ ಶಾಲೆಯವು.
ಕೂಗಾಡುವುದಿಲ್ಲ.
ಕೆರಳಿದವರ ನಡುವೆ ಹೋಗಿ ನಿಲ್ಲುತ್ತವೆ,
ಅವರು ಕುಡಿದು ಕೊಬ್ಬಬೇಕಾದ ತೊಟ್ಟಿಗೆ ಬಾಯಿಟ್ಟು
ತಾವೇ ಹೀರಿ ಬರಿದು ಮಾಡುತ್ತವೆ.
ನಿನ್ನ ರಕ್ತದಲ್ಲಿ ಅವುಗಳ ಎಣಿಕೆ ಸರಿಯಿರಬಹುದು.
ಸೋತದ್ದು ‘ಸಾಕು’ ಎನ್ನುವ ದನಿ. ಇಲ್ಲವೆ
ಕೇಳಬೇಕಾದವರ ಕಿವಿ.

ಬೇಲಿಯೇ ಎದ್ದು ಹೊಲ ಮೇದ ಕಥೆ
ಎಂದುಕೊಂಡಿದ್ದೆ ಇಷ್ಟು ವರ್ಷ.
ಇಂಗಾ ಒಪ್ಪಲಿಲ್ಲ.
ಬೇಲಿಗೆ ಹಲ್ಲಿಲ್ಲ, ಅಂದಳು.
ಜನವರಿಯ ಬಿರುಗಾಳಿಗೆ ಎರಡು ಮಾರು ಬಿದ್ದಿತ್ತು.
ಬೆಳಗಾದರೆ ಟಗರೊಂದು ಟರ್ನಿಪ್ ಮಡಿಯಲ್ಲಿ,
ಅದರ ಹಿಂದೆ ನಲವತ್ತು.
ಮೊದಲನೆಯದು ಬಂದದ್ದು ರುಚಿಗೆ.
ಉಳಿದವು ಬಂದದ್ದು, ಅದು ಬಂತೆಂದು.
ಆಮೇಲೆ ಟರ್ನಿಪ್ ಬಿಟ್ಟು ಎಲೆಕೋಸಿಗೂ ಬಾಯಿ ಹಾಕಿದವು.

ಇದನ್ನೇ ನಾನು ನರ್ಸಿಂಗ್ ಕಾಲೇಜಿನಲ್ಲಿ
ಒಂದು ಇಡೀ ಚಳಿಗಾಲ ಓದಿದ್ದೆ.

ತೊಟ್ಟಿಕ್ಕುವ ಈ ಔಷಧಿ ಕೋಶಗಳ ಕೈ ಕಟ್ಟುತ್ತದೆ,
ರಕ್ತನಾಳದ ಗೋಡೆ ಹಿಡಿದು ಹತ್ತಿ ಬರದಂತೆ.
ಯಾರೂ ಒಳಗೆ ಬರುವುದಿಲ್ಲವೆ?
ಬಹುಮಟ್ಟಿಗೆ.
ಬರಬೇಕಾದವರೂ?
ಟೇಪು ಕತ್ತರಿಸುತ್ತ ಇದ್ದೆ ನಾನು.
ಒಳಗೆ ಮಲಗಿರುವ ಹಳೆಯ ವೈರಸ್ಸಿನ ಮಾತು
ಒಪ್ಪಿಗೆ ಪತ್ರದ ಎರಡನೇ ಪುಟದಲ್ಲಿತ್ತು.
ಸಹಿ ಆಗಿತ್ತು.

ಬಾಟಲಿ ಮುಗಿದ ಮೇಲೆ ಕೋಲೂರಿಕೊಂಡು ಗೋಡೆಗೆ ಹೋದಳು.
ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತಳು.
ಅಣ್ಣನ ಮಗ ಸ್ವೇನ್ ಹದಿನಾರರ ಹುರುಪಿನಲ್ಲಿ
ಸಂದುಸಂದಿಗೂ ಚಕ್ಕೆ ಕಲ್ಲು ಗಿಡಿಯುತ್ತಿದ್ದ.
ಕೋಲಿನಿಂದ ಅವನ ಬೂಟಿಗೆ ತಟ್ಟಿದಳು:
ಅಷ್ಟು ಬಿಗಿಯಬೇಡ, ಮಾರಾಯ.
ಕುರಿ ನುಗ್ಗಬಾರದು, ಗಾಳಿ ನುಗ್ಗಬೇಕು.
ಗಾಳಿ ಬಿಡದ ಗೋಡೆ ಒಂದು ಚಳಿಗಾಲ ನಿಲ್ಲುವುದಿಲ್ಲ.
ಅವನು ಗೊಣಗುತ್ತ ನಾಲ್ಕು ಚಕ್ಕೆ ಕಿತ್ತ.

ನಾಲ್ಕಕ್ಕೆ ವಿಮಾನ. ನಾನು ಬಗ್ಗಿ
ಆ ಸಂದಿಯಲ್ಲಿ ಕಣ್ಣಿಟ್ಟೆ.
ಉಪ್ಪುಗಾಳಿ ರೆಪ್ಪೆಗೆ ಹೊಡೆಯಿತು.
ಆಚೆ ಒಂದು ಕುರಿ, ಬಾಯಲ್ಲಿ ಒದ್ದೆ ಪಾಚಿ,
ನನ್ನನ್ನು ಒಂದು ಗಳಿಗೆ ನೋಡಿತು.
ನೋಡಿ, ಬಿಟ್ಟಿತು.